ಎಣಿಸಬಾರದ ಮನೆ

ಸಿಂಧಘಟ್ಟದ ಪಕ್ಕದ ಊರಿನಲ್ಲಿ ಚಿಕ್ಕಸ್ವಾಮಿ ಅಂತ ಒಬ್ಬ ರೈತ. ಸಂಕ್ರಾಂತಿ ಕಳೆದ ಮೇಲೆ ಕಿರಿಮಗಳು ರಂಜಿತಳನ್ನು ಶಾಲೆ ಬಿಡಿಸುವುದು ಎಂದು ಅವನು ತೀರ್ಮಾನ ಮಾಡಿಬಿಟ್ಟಿದ್ದ. ಆರನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹುಡುಗಿ ಲೆಕ್ಕದಲ್ಲಿ ಫೇಲಾಗಿದ್ದಳು. ಹಿರಿಮಗಳು ಹೇಮಶ್ರೀಯನ್ನು ಹಿಂದೆ ಶಾಲೆ ಬಿಡಿಸಿದ್ದೂ ಇದೇ ಕಾರಣಕ್ಕೆ.

ಆ ಮನೆಯ ಮಕ್ಕಳಿಗೆ ಲೆಕ್ಕ ಎಲ್ಲಿಂದ ಬರಬೇಕು ಹೇಳಿ? ಅಲ್ಲಿ ಎಣಿಸುವುದೇ ತಪ್ಪು. ಎಣಿಸಿದರೆ ಹುಲುಸು ಹೋಗುತ್ತದೆ, ಇದ್ದದ್ದು ಕರಗುತ್ತದೆ ಎಂಬ ನಂಬಿಕೆ. ಕಣದಲ್ಲಿ ರಾಗಿ ಅಳೆಯುವಾಗ ಮಕ್ಕಳನ್ನು ಆಚೆಗೆ ಅಟ್ಟುತ್ತಿದ್ದರು. ಕೊಟ್ಟಿಗೆಯ ಕರು ಎಣಿಸಿದರೆ ಬೆರಳಿಗೆ ಏಟು, ಬುಟ್ಟಿಯ ರೊಟ್ಟಿ ಎಣಿಸಿದರೆ ಬೈಗುಳ. ಹಿಂದಿನವರು ನಡೆಸಿಕೊಂಡು ಬಂದದ್ದು, ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೂ ಮನೆಯಲ್ಲಿ ಮಗುವಿನ ಬಾಯಿ ಕಟ್ಟಿ, ಶಾಲೆಯಲ್ಲಿ ಲೆಕ್ಕ ಬರಲಿಲ್ಲ ಎಂದು ಅದರ ಮೇಲೇ ಸಿಟ್ಟಾಗುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಸುದ್ದಿ ತಿಳಿದು ಅಂಗನವಾಡಿಯ ಜಯಲಕ್ಷ್ಮಮ್ಮ ಬಂದು ಜಗಲಿಯ ಮೇಲೆ ಕೂತರು. ರಂಜಿತ ದಡ್ಡಿಯಲ್ಲ, ಲೆಕ್ಕವನ್ನು ಕೈಯಲ್ಲಿ ಮುಟ್ಟಿ ನೋಡಿಲ್ಲ ಅಷ್ಟೆ ಎಂದರು. ಸೇರು, ಪಾವು ಅವಳ ಕೈಗೆ ಕೊಡಿ, ಹಾಲು ಅಳೆಯಲಿ, ಅಡುಗೆಗೆ ಅಕ್ಕಿ ಹಾಕಲಿ, ತಾನಾಗಿ ಬರುತ್ತದೆ ಎಂದು ಬಿಡಿಸಿ ಹೇಳಿದರು.

ಚಿಕ್ಕಸ್ವಾಮಿ ತಲೆ ಅಲ್ಲಾಡಿಸಿದ. "ಎಣ್ಸುದ್ರೆ ಉಲುಸು ಓಯ್ತದೆ ಟೀಚರಮ್ಮ. ಎಣ್ಮಕ್ಳು ಲೆಕ್ಕ ಕಲ್ತು ಯಾವ ಕಚೇರಿಗೋಗ್ಬೇಕು?"

ಅವನ ಹೆಂಡತಿ ಚಿಕ್ಕಬೋರಮ್ಮನೂ ಹೂಂಗುಟ್ಟಿದಳು. ತಾನೇನು ಲೆಕ್ಕ ಕಲಿತು ಸಂಸಾರ ಮಾಡಿದೆನೇ ಎಂದಳು.

ಹೇಮಶ್ರೀ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಕೆ.ಆರ್. ಪೇಟೆಯ ಕಡೆಗೆ ಮದುವೆಯಾಗಿ ಹೋಗಿದ್ದವಳು, ಕೂಸು ಜ್ವರ ಬಂದು ತೀರಿಹೋದ ಮೇಲೆ ತವರಿಗೆ ಬಂದಿದ್ದಳು. ಅಲ್ಲಿಂದ ಈಚೆಗೆ ಅವಳು ಮಾತಾಡಿದ್ದೇ ಕಡಿಮೆ. ಅವತ್ತು ಎದ್ದು ಹೊಸ್ತಿಲಿಗೆ ಬಂದಳು.

"ಅಪ್ಪ, ಕೂಸ್ಗೆ ಔಸ್ದಿ ಎರಡೂವರೆ ಎಂಎಲ್ ಕೊಡು ಅಂದಿದ್ರು ಡಾಕ್ಟ್ರು. ನಾನು ಎರಡೂವರೆ ಮುಚ್ಚಳ ಕುಡುಸ್ದೆ. ಮುಚ್ಚಳದೊಳ್ಗೆ ಗೀಟಿದ್ವು. ಅವು ಯಾಕವೆ ಅಂತ ನಂಗೆ ಗೊತ್ತಿರ್ನಿಲ್ಲ."

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಚಿಕ್ಕಬೋರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಯಲಕ್ಷ್ಮಮ್ಮ ಎದ್ದು ಹೋಗಿ ಹೇಮಶ್ರೀಯ ಕೈ ಹಿಡಿದುಕೊಂಡರು. ಕೂಸು ಜ್ವರದಿಂದ ಹೋಯಿತೋ ಔಷಧಿಯಿಂದ ಹೋಯಿತೋ ಈಗ ಯಾರೂ ಹೇಳಲಾರರು, ನಿನ್ನ ತಪ್ಪಲ್ಲ ಎಂದು ಸಮಾಧಾನ ಮಾಡಿದರು.

"ನೀವು ಅಂಗೇ ಯೋಳ್ತೀರಿ. ನಂಗೆ ದಿನಾ ಅದೇ ಗ್ಯಾನ," ಎಂದಳು ಹೇಮಶ್ರೀ. "ಇವ್ಳಿಗಾದ್ರೂ ಕಲ್ಸಿ."

ಚಿಕ್ಕಸ್ವಾಮಿ ಹಿರಿಮಗಳ ಕಡೆ ನೋಡಿದ. ಅವಳನ್ನು ಶಾಲೆಯಿಂದ ಬಿಡಿಸಿದ್ದು ತಾನು, ಬೆರಳಿಗೆ ಹೊಡೆದದ್ದೂ ತಾನೇ. ಮಾರನೆಯ ದಿನ ಕಣದಲ್ಲಿ ರಾಗಿ ರಾಶಿಯ ಮುಂದೆ ರಂಜಿತಳನ್ನು ಕರೆದು ಸೇರನ್ನು ಅವಳ ಕೈಗೆ ಕೊಟ್ಟ.

"ನೀನೇ ಅಳಿ ಕಣವ್ವ. ಬಾಯ್ಬುಟ್ಟು ಎಣ್ಸು."

ಹುಡುಗಿ ಹೆದರಿಕೆಯಲ್ಲೇ ಶುರು ಮಾಡಿ ನಡುವೆ ಲೆಕ್ಕ ತಪ್ಪಿದಳು. ಅವನು ಬೈಯಲಿಲ್ಲ, ಮತ್ತೆ ಮೊದಲಿನಿಂದ ಎಣಿಸು ಎಂದ. ದೂರದಲ್ಲಿ ಕೂತಿದ್ದ ಹೇಮಶ್ರೀ ನಗಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ.

ಸಂಕ್ರಾಂತಿ ಕಳೆಯಿತು. ರಂಜಿತ ಶಾಲೆಗೆ ಹೋಗುತ್ತಿದ್ದಾಳೆ. ಭಾಗಾಕಾರದಲ್ಲಿ ಈಗಲೂ ತಡವರಿಸುತ್ತಾಳೆ. ಡೈರಿಗೆ ಹೋಗುವ ಹಾಲನ್ನು ಮಾತ್ರ ಚಿಕ್ಕಬೋರಮ್ಮ ಅವಳ ಕೈಯಲ್ಲೇ ಅಳೆಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಮಗು ಎಣಿಸಿದ ಮಾತ್ರಕ್ಕೆ ನಿಮ್ಮ ರಾಗಿ ಕಡಿಮೆಯಾಗುವುದಿಲ್ಲ. ಗಂಡಾಗಲಿ ಹೆಣ್ಣಾಗಲಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಲೀಟರು ಹಾಲು ಎಷ್ಟು ಲೋಟವಾಗುತ್ತದೆ ಎಂದು ಸುರಿದು ನೋಡಲು ಹೇಳಿ. ಒಂದು ರೊಟ್ಟಿಯನ್ನು ನಾಲ್ಕು ಜನಕ್ಕೆ ಸಮನಾಗಿ ಹಂಚಿಸಿ. ಬಸ್ಸಿಗೆ ಇನ್ನೆಷ್ಟು ಹೊತ್ತು ಎಂದು ಗಡಿಯಾರ ನೋಡಿಸಿ. ತಪ್ಪಿದರೆ ಹೊಡೆಯಬೇಡಿ, ಇನ್ನೊಂದು ಸಲ ಮಾಡಿಸಿ. ಔಷಧಿ ತಂದಾಗ ಯಾವ ಗೀಟಿನವರೆಗೆ ಎಂದು ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ತೊಳೆದ ಮುಚ್ಚಳಕ್ಕೆ ನೀರು ಹಾಕಿ, ಆ ಗೀಟಿನವರೆಗೆ ಮಗುವಿನ ಕೈಯಲ್ಲೇ ಅಳೆಸಿ. ಹೇಮಶ್ರೀಗೆ ಅದನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ.