ಹಾಜರಿ ಪಟ್ಟಿಯಲ್ಲಿಲ್ಲದ ಜಹೀರುದ್ದೀನ್

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಲಬುರಗಿಯಲ್ಲಿ ನನ್ನ ಹತ್ತಿರ ಎಂ.ಎ. ಅರ್ಥಶಾಸ್ತ್ರ ಓದಿದವರಿಗೆಲ್ಲ ಅದು ಗೊತ್ತು. 2007ರಲ್ಲಿ ನಾನೊಂದು ಹೊಸ ಪದ್ಧತಿ ಶುರುಮಾಡಿದೆ: ವಾರವಿಡೀ ಪಾಠ ಇ-ಮೇಲ್‌ನಲ್ಲಿ, ಉತ್ತರವೂ ಇ-ಮೇಲ್‌ನಲ್ಲಿ, ಶನಿವಾರ ಮಾತ್ರ ಎದುರಾಬದುರು ಕ್ಲಾಸು.

"ಮಾರಿ ನೋಡದ ಪಾಠ ಆಗ್ತದೇನ್ರಿ ಶಂಕ್ರಮ್ಮ?" ಎಂದು ವಿಭಾಗದ ಮುಖ್ಯಸ್ಥ ಅಣವೀರಪ್ಪನವರು ನಕ್ಕರು. ನಕ್ಕರೆ ನಗಲಿ ಎಂದು ನಾನೂ ಹಟ ಹಿಡಿದೆ.

ಆರನೇ ಶನಿವಾರ ಕಮಲಾಪುರದ ಅಮೃತಳನ್ನು ಎಬ್ಬಿಸಿ ನಿಲ್ಲಿಸಿದೆ. ಅವಳಿಂದ ಒಂದೂ ಉತ್ತರ ಬಂದಿರಲಿಲ್ಲ. ಅವಳ ಹೆಸರಿನ ಮುಂದೆ ಸೊನ್ನೆ ಹಾಕಿದ ಪಟ್ಟಿ ಮುಖ್ಯಸ್ಥರ ಕೈಗೆ ಹೋದರೆ ಅವಳು ಪರೀಕ್ಷೆಗೇ ಕೂರುವಂತಿರಲಿಲ್ಲ.

"ಆರೂ ಕಳಿಸೀನ್ರಿ ಮೇಡಂ," ಎಂದಳು, ಕಣ್ಣು ತುಂಬಿಕೊಂಡು.

"ಮ್ಯಾಲ ಸುಳ್ಳು ಬ್ಯಾರೆ! ನಿಮ್ಮೂರ ಜಹೀರುದ್ದೀನನ್ನ ನೋಡಿ ಕಲಿ. ಇ-ಮೇಲಿನ ಕೆಳಗ ಕಮಲಾಪುರ ಅಂತಿರ್ತದ, ನನ್ನ ಪಟ್ಟಿಯೊಳಗ ಹೆಸರಿಲ್ಲ, ಯಾವ ಕಾಲೇಜಿನಂವೋ ಏನೋ, ಆದ್ರೂ ವಾರಾವಾರಾ ಎಷ್ಟ್ ಛಂದ ಬರದು ಕಳಸ್ತಾನ!"

ಅಮೃತ ಅಳು ಮರೆತು ಕಿಸಕ್ಕನೆ ನಕ್ಕಳು. "ಅಂವ ನಮ್ಮೂರ ಇಂಟರ್‌ನೆಟ್ ಅಂಗಡಿ ಭಾಯಿ ರೀ! ನನಗ ಟೈಪ್ ಬರಂಗಿಲ್ರಿ. ಹಾಳ್ಯಾಗ ಬರದು ಕೊಡ್ತೀನಿ, ಅಂವ ತನ್ನ ಇ-ಮೇಲಿನಾಗ ಹೊಡದು ಕಳಸ್ತಾನ. ನನ್ನ ಹೆಸರು ಹೊಡ್ಯೋದು ಮರ್ತಾನ್ರಿ."

ಅಷ್ಟಕ್ಕೆಲ್ಲ ನಂಬುವವಳಲ್ಲ ನಾನು. ಸೀಮೆಸುಣ್ಣ ಅವಳ ಕೈಗಿಟ್ಟೆ. ಆರೂ ಉತ್ತರಗಳನ್ನು ಹಲಗೆಯ ಮೇಲೆ ಪಟಪಟನೆ ಬರೆದಳು.

"ಮತ್ತ ಹೋದ ವಾರ ಉತ್ತರದ ಕೊನಿಗೆ ನೀ ನನಗ ಕೇಳಿದ ಪ್ರಶ್ನೆ? ಸಂತಿ ದಿನ ಕೆಂಪು ಬಾಳೆಹಣ್ಣು ರಾಶಿ ರಾಶಿ ಬರ್ತಾವ, ಆದ್ರೂ ರೇಟ್ ಯಾಕ ಇಳಿಯಂಗಿಲ್ಲ ಅಂತ?" ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದೇ.

"ಅದು ನಂದಲ್ರಿ. ನಾ ಏನೂ ಕೇಳಿಲ್ಲ."

ಅದೂ ನನ್ನದೇ ಅಂದಿದ್ದರೆ ಅವಳನ್ನು ಯಾರು ಕೇಳುತ್ತಿದ್ದರು? ಇಂಥವಳನ್ನು ಎಲ್ಲರೆದುರು ಸುಳ್ಳಿ ಅಂದುಬಿಟ್ಟೆನಲ್ಲ ಎಂದು ನನಗೆ ನಾಚಿಕೆಯಾಯಿತು. "ತಪ್ಪಾತವ್ವ," ಎಂದು ಎಲ್ಲರೆದುರೇ ಹೇಳಿ ಪಟ್ಟಿ ಹರಿದೆ. ಹೊಸ ಪಟ್ಟಿಯಲ್ಲಿ ಅವಳ ಅಂಕ ತುಂಬಿ ಅಣವೀರಪ್ಪನವರಿಗೆ ಕೊಟ್ಟೆ. "ನಿಮ್ಮ ಮಾತು ಅರ್ಧ ಖರೇ ಅದ ಸರ್," ಎಂದೆ. ಅರ್ಧ ಮಾತ್ರ!

ಮುಂದಿನ ಶನಿವಾರ ಅಮೃತಳ ಹಿಂದೆ ಒಬ್ಬಾತ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಮಾಫ್ ಮಾಡ್ರಿ ಮೇಡಂ, ಹೆಸರು ಮರ್ತೆ. ನಾ ಸಾಲ್ಯಾಗ ಏಳನೇತ್ತಾ ಫೇಲ್ ರೀ. ಹೊಡದು ಹೊಡದು ನನ್ನ ತಲ್ಯಾಗೂ ಈ ಬಾಳೆಹಣ್ಣಿನ ಸವಾಲ್ ಹುಟ್ಟಿತು. ಜವಾಬ್ ಕೇಳ್ಕೊಂಡು ಹೋಗ್ತೀನ್ರಿ."

ಮುಂದಿನ ಬೆಂಚು ತೋರಿಸಿದೆ. ಹಾಜರಿ ಕೂಗಿ ಮುಗಿಸಿ, ಪಟ್ಟಿಯ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಹೆಸರು ಬರೆದು ಅದನ್ನೂ ಕೂಗಿದೆ.

"ಜಹೀರುದ್ದೀನ್!"

ಅವನು ಗಡಬಡಿಸಿ ಎದ್ದು ನಿಂತ. "ಹಾಜರ್ ಅದೀನ್ರಿ!"