ಉಚ್ಚಂಗಮ್ಮನ ಮೆಸ್ಸಿನ ಎತ್ತು

ಉಚ್ಚಂಗಮ್ಮನಿಗೆ ಎತ್ತಿರಲಿಲ್ಲ.

ಮಿಕ್ಕಿದ್ದೆಲ್ಲ ಇತ್ತು. ರಾಯದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು, ಮೂರು ಬೆಂಚು, ಎರಡು ಮೊಳ ಅಗಲದ ಕಡಾಯಿ, ಕೈಜೋಡಿಸಲು ನಾದಿನಿ ನಾಗಲಕ್ಷ್ಮಿ. ‘ಇಲ್ಲಿ ಹುರುಳಿ ಕಟ್ಟಿನ ಸಾರು, ಮುದ್ದೆ ದೊರೆಯುತ್ತದೆ’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿದ ಬೋರ್ಡು. ಮೆಸ್ಸಿಗೆ ಎತ್ತು ಯಾಕೆ ಎಂದು ಕೇಳುವವರಿಗೆ ಈ ಸಾರಿನ ಹುಟ್ಟು ಗೊತ್ತಿಲ್ಲ. ಹಿಂದೆ ಹುರುಳಿ ಬೇಯಿಸುತ್ತಿದ್ದದ್ದು ಮನುಷ್ಯರಿಗಲ್ಲ, ಎತ್ತಿಗೆ. ಬೆಂದ ಕಾಳು ಎತ್ತಿನ ಪಾಲು. ಬಸಿದ ನೀರು, ಅದೇ ಕಟ್ಟು, ಮನೆಯವರ ಸಾರಿಗೆ. ಎತ್ತು ಉಂಡ ಮನೆಯಲ್ಲಿ ಮಾತ್ರ ಸಾರು.

ಉಚ್ಚಂಗಮ್ಮ ದಿನಾ ಬೆಳಗಿನಿಂದ ನಾಲ್ಕು ತಾಸು ಹುರುಳಿ ಬೇಯಿಸಿ ಕಟ್ಟು ತೆಗೆಯುತ್ತಿದ್ದಳು. ಉಳಿದ ಕಾಳನ್ನು ಏನು ಮಾಡುವುದು? ಮೊದಮೊದಲು ಒಗ್ಗರಣೆ ಕೊಟ್ಟು ಗುಗ್ಗರಿ ಮಾಡಿ ಗಿರಾಕಿಗಳಿಗೆ ಪುಕ್ಕಟೆ ಹಂಚಿದಳು. ಮೂರನೆಯ ದಿನ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಬಂದು ಕೈಮುಗಿದ.

“ಅಕ್ಕಾರ, ನಿಮ್ಮ ಗುಗ್ಗರಿ ತಿಂದೋರೆಲ್ಲ ಕಿಟಕಿ ಸೀಟ ಬೇಕಂತಾರ. ನನ್ನ ಬಸ್ಸಿಗೆ ಅಷ್ಟು ಕಿಟಕಿ ಎಲ್ಲಿಂದ ತರ್ಲ್ರಿ?”

ಅಂದಿನಿಂದ ಕಾಳು ಹಿತ್ತಲ ಗುಂಡಿಗೆ ಹೋಯಿತು. ಹೀಗೆ ಆರು ವರ್ಷ.

ಒಂದು ಗುರುವಾರ ಮಡಕಶಿರಾ ಕಡೆಯ ಅಗಳಿಯಿಂದ ಜಯಣ್ಣ ಬಂದ. ರಾಗಿ, ಕಡಲೆಕಾಯಿ ಬೆಳೆಯುವ ರೈತ. ಮಗಳು ಹೇಮಶ್ರೀಯನ್ನು ರಾಯದುರ್ಗಕ್ಕೆ ಕೊಡುತ್ತಿದ್ದ. ಮದುವೆ ಇಲ್ಲಿಯ ಛತ್ರದಲ್ಲಿ. ಹಿಂದಿನ ದಿನ ಅಗಳಿಯಿಂದ ಬರುವ ನಾನೂರು ಜನಕ್ಕೆ ಮುದ್ದೆ, ಕಟ್ಟಿನ ಸಾರು ಆಗಬೇಕಿತ್ತು. ಇದೇ ಊರಿನ ಮೂವರು ಅಡುಗೆಯವರನ್ನು ಆಗಲೇ ಬೇಡವೆಂದು ಬಂದಿದ್ದ.

ಉಚ್ಚಂಗಮ್ಮನ ಕಿವಿ ನೆಟ್ಟಗಾಯಿತು. ಆರು ವರ್ಷ ಮೂರು ಬೆಂಚಿಗೆ ಬಡಿಸಿದವಳು. ಒಂದೇ ಒಂದು ಸಲ ನಾನೂರು ಎಲೆಗೆ ಬಡಿಸಿಬಿಟ್ಟರೆ ಊರಿನ ಛತ್ರಗಳೆಲ್ಲ ಅವಳನ್ನು ಹುಡುಕಿಕೊಂಡು ಬರುತ್ತವೆ; ಇಲ್ಲವಾದರೆ ಈ ತಗಡಿನ ಕೆಳಗೇ ಮುಪ್ಪು. ಬಿಸಿ ಸಾರಿನ ಬಟ್ಟಲು ತಂದು ಮುಂದಿಟ್ಟಳು. ಜಯಣ್ಣ ಮುಟ್ಟಲಿಲ್ಲ.

“ಎತ್ತು ಎಲ್ಲೈತಮ್ಮ?”

“ಎತ್ತೇನ್ರಿ?”

“ಊಂ. ಎತ್ತು ನೋಡ್ದೆ ನಾನು ಕಟ್ಟು ಬಾಯಿಗಿಕ್ಕಲ್ಲ. ಬೆಳ್ಳುಳ್ಳಿ, ಹುಣಿಸೆಹಣ್ಣು ಜಡಿದು ನಾಲಿಗೆಗೆ ಟೋಪಿ ಹಾಕ್ಬೋದು. ಎತ್ತಿಗೆ ಹಾಕಕ್ಕಾಗಲ್ಲ. ಆ ಮೂರು ಜನದತ್ರಾನೂ ಎತ್ತಿರ್ಲಿಲ್ಲ.”

“ಐತ್ರಿ,” ಎಂದುಬಿಟ್ಟಳು. ಬಾಯಿ ಅವಳದೇ, ಆದರೆ ಅವಳನ್ನು ಕೇಳಲಿಲ್ಲ. “ಹೊಲಕ್ಕ ಹೋಗೈತ್ರಿ.”

“ಅಂಗಾದ್ರೆ ಭಾನ್ವಾರ ಬತ್ತೀನಿ. ಎತ್ನ ಕಟ್ಟಾಕಿರಮ್ಮ.”

ಅವನು ಮೂಲೆ ತಿರುಗುವುದನ್ನೇ ಕಾದು ನಾಗಲಕ್ಷ್ಮಿ ಕೇಳಿದಳು: “ಅತ್ತಿಗಿ, ಯಾವ ಹೊಲ? ಯಾವ ಎತ್ತು?”

“ಸುಮ್ನ ಸುಂಕಪ್ಪ ಮಾವಗ ಫೋನ್ ಹಚ್ಚು.”

ಸುಂಕಪ್ಪ ಕಣೇಕಲ್ಲಿನ ನೆಂಟ, ಭತ್ತದ ಗದ್ದೆಯವನು. ಅವನ ಎತ್ತು ಮೈಲಾರಿ, ಟ್ರ್ಯಾಕ್ಟರ್ ಬಂದ ಮೇಲೆ ಕೆಲಸವಿಲ್ಲದೆ ಭತ್ತದ ಹುಲ್ಲು ಮೆಲ್ಲುತ್ತ ನಿಂತೇ ಇತ್ತು. ಶುಕ್ರವಾರ ನಸುಕಿನಲ್ಲೇ ಲಗೇಜ್ ಆಟೋದಲ್ಲಿ ತಂದಿಳಿಸಿದ.

“ಭಾನುವಾರ ಸಂಜಿಗೆ ವಾಪಸ್ ಒಯ್ತೀನವ್ವ. ಅದಕ್ಕ ಏನೂ ಮಾಡಾಕ ಬರಂಗಿಲ್ಲ, ಸುಮ್ನ ನಿಂತಿರತೈತಿ ಅಷ್ಟ.”

“ನಿಂತ್ರ ಸಾಕ್ ಬಿಡ್ರಿ ಮಾವ.”

ಮೈಲಾರಿ ಮೊದಲ ಬುಟ್ಟಿ ಕಾಳನ್ನು ಅನುಮಾನದಿಂದ ಮೂಸಿತು. ಒಂದು ಬಾಯಿ ತಿಂದಿತು. ಇಷ್ಟು ವರ್ಷ ಇದನ್ನು ಎಲ್ಲಿ ಮುಚ್ಚಿಟ್ಟಿದ್ದಿರಿ ಎಂಬಂತೆ ತಲೆಯೆತ್ತಿ ನೋಡಿ ಬುಟ್ಟಿಯ ತಳವನ್ನೂ ನೆಕ್ಕಿತು. ಶನಿವಾರ ಮೂರು ಬುಟ್ಟಿ. ಸಂಜೆಗೆ ಹಗ್ಗದ ಸುತ್ತ ಕರುವಿನಂತೆ ಕುಣಿಯಿತು. ಪಕ್ಕದ ಮನೆಯ ತಂತಿಗೆ ಕೊಂಬು ಹಾಕಿ ಒಂದು ಲುಂಗಿಯನ್ನು ತಲೆಗೆ ಸುತ್ತಿಕೊಂಡು ರಾತ್ರಿಯವರೆಗೆ ಬಿಚ್ಚಗೊಡಲಿಲ್ಲ. ಭಾನುವಾರ ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹಾರ್ನ್ ಕೇಳಿದಾಗಲೆಲ್ಲ ಇಲ್ಲಿಂದ “ಹೂಂಬಾ” ಎಂದು ಉತ್ತರ ಕೊಡತೊಡಗಿತು. ಡ್ರೈವರುಗಳಿಗೂ ಖುಷಿ ಹತ್ತಿತು. ಹೊರಡುವ ಬಸ್ಸು ಹೊರಡದೆ ಹಾರ್ನ್ ಹೊಡೆಯಿತು.

“ಅತ್ತಿಗಿ, ಇದು ಎತ್ತಲ್ಲ, ಮದುಮಗ,” ಎಂದಳು ನಾಗಲಕ್ಷ್ಮಿ.

ಮಧ್ಯಾಹ್ನ ಬೆಂಚುಗಳು ತುಂಬಿದ್ದಾಗ ಜಯಣ್ಣ ಬಂದ. ಹಿತ್ತಲ ಬಾಗಿಲ ಒಳಗೇ ಚಪ್ಪಲಿ ಬಿಟ್ಟು ನೇರ ಹೋಗಿ ಎತ್ತಿನ ಹಲ್ಲು ನೋಡಿದ, ಭುಜ ತಟ್ಟಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ಕಡ್ಡಿಯಿಂದ ಸಗಣಿಯನ್ನು ಕೆದಕತೊಡಗಿದ.

“ಉಂಗುರ ಬಿದ್ದೈತೇನ್ರಿ?” ಎಂದು ಕೇಳಿದಳು ನಾಗಲಕ್ಷ್ಮಿ.

“ಕಾಳು ಹುಡುಕ್ತಾ ಇವ್ನಿ ಕಣಮ್ಮ. ಅರೆಬರೆ ಬೆಂದಿದ್ರೆ ಇಡಿಯಾಗೇ ಈಚೆಗೆ ಬತ್ತೈತೆ. ಕಾಳೇ ಬೇಯ್ದೇ ಇದ್ರೆ ಕಟ್ಟು ಎಲ್ಲಿಂದ ಇಳಿದೀತು?”

ಉಚ್ಚಂಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಆರು ವರ್ಷದ ನಾಲ್ಕು ನಾಲ್ಕು ತಾಸಿನ ಬೆಂಕಿ ಈಗ ಆ ಕಡ್ಡಿಯ ತುದಿಯಲ್ಲಿತ್ತು. ಜಯಣ್ಣ ಒಂದು ಸಗಣಿ ಕೆದಕಿದ. ಎರಡನೆಯದನ್ನೂ ಕೆದಕಿದ. ಮೂರನೆಯದನ್ನು ಕನ್ನಡಕ ಹಾಕಿಕೊಂಡು ಕೆದಕಿದ.

“ಒಂದ್ ಕಾಳಿಲ್ಲ!” ಎಂದು ಎದ್ದು ನಿಂತ. “ತತ್ತಮ್ಮ ಬಟ್ಟಲು!”

ಬಟ್ಟಲಿಗೆ ಬಿಸಿ ಸಾರು ಹಾಕಲೆಂದು ಉಚ್ಚಂಗಮ್ಮ ಒಳಗೆ ಓಡಿದಳು. ಪಕ್ಕದಲ್ಲೇ ಸಂಜೆಗೆಂದು ಆರಲಿಟ್ಟಿದ್ದ ಕಟ್ಟಿನ ಕಡಾಯಿಯ ಮುಚ್ಚಳವನ್ನು ನಾಗಲಕ್ಷ್ಮಿ ತೆಗೆದಳು. ಆ ವಾಸನೆ ಹಿತ್ತಲಿಗೆ ಹೋಗಿ ಮೈಲಾರಿಯ ಮೂಗಿಗೆ ಬಡಿಯಿತು.

ಗೂಟ ಕಿತ್ತು ಬಂತು. ಎತ್ತು, ಅದರ ಹಿಂದೆ ಹಗ್ಗ, ಹಗ್ಗದ ಹಿಂದೆ ಗೂಟ, ಗೂಟದ ಹಿಂದೆ ಜಯಣ್ಣ. ಉಣ್ಣುತ್ತಿದ್ದವರೆಲ್ಲ ಎಂಜಲು ಕೈಯಲ್ಲೇ ಬೆಂಚು ಹತ್ತಿದರು. ಒಂದು ಬೆಂಚು ಮಗುಚಿ ಮುರಿಯಿತು, ಅದರವರು ಇನ್ನೊಂದನ್ನು ಹತ್ತಿ ಅದನ್ನೂ ಮುರಿದರು. ಮೈಲಾರಿ ಯಾರನ್ನೂ ಮುಟ್ಟಲಿಲ್ಲ. ಕಡಾಯಿಗೆ ಮೂತಿಯಿಟ್ಟು ಕಟ್ಟನ್ನು ತಳ ಕಾಣುವವರೆಗೆ ಹೀರಿತು. ಆಮೇಲೆ ಮುದ್ದೆಯ ಹರಿವಾಣಕ್ಕೆ ಬಂತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಅದು ಮೈಲಾರಿಗೂ ಗೊತ್ತಿತ್ತು.

ಉಚ್ಚಂಗಮ್ಮ ಒಲೆಯ ಕಟ್ಟೆ ಹತ್ತಿ, ಉಳಿದ ಒಂದೇ ಬಟ್ಟಲು ಸಾರನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಜಯಣ್ಣ ಗೋಡೆ ಹಿಡಿದುಕೊಂಡು ಬಂದು ಅದನ್ನು ಇಸಿದುಕೊಂಡು, ನಿಂತಲ್ಲೇ ಕಣ್ಣು ಮುಚ್ಚಿ ಸೊರ್ರನೆ ಕುಡಿದ.

ಅಷ್ಟರಲ್ಲಿ ಬಾಗಿಲಲ್ಲಿ, ಸಂಜೆಗೆ ಬರಬೇಕಿದ್ದ ಸುಂಕಪ್ಪ. “ಯವ್ವಾ, ಇದು ನನ್ನ ಎತ್ತೇನ? ಏನ್ ಹಾಕಿದ್ರೇ ಇದಕ್ಕ?”

ಉಚ್ಚಂಗಮ್ಮ ಕಟ್ಟೆಯ ಮೇಲಿಂದಲೇ ಜಯಣ್ಣನಿಗೆ ಹೇಳಿದಳು: “ಹೌದ್ರಿ. ಎತ್ತು ನಂದಲ್ರಿ. ಸುಳ್ಳು ಹೇಳಿದ್ದೆ.”

ಜಯಣ್ಣ ಬಟ್ಟಲ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದ.

“ಎತ್ತು ಯಾರದಾದ್ರೇನಮ್ಮ? ಸಗಣಿ ನಿಂದೇ ಅಲ್ವ?”

ನಗು ಶೆಡ್ಡಿನ ತಗಡನ್ನು ಅಲುಗಿಸಿತು. ಮೊದಲು ನಕ್ಕವಳು ನಾಗಲಕ್ಷ್ಮಿ, ಕೊನೆಗೆ ನಿಲ್ಲಿಸಿದವಳೂ ಅವಳೇ.

“ನಾನೂರು ಎಲೆಯ ಅಡುಗೆ ನಿಂದೇ,” ಎಂದ ಜಯಣ್ಣ. “ಆದ್ರೆ ಅಷ್ಟು ಕಾಳು ಇವನೊಬ್ಬನ ಕೈಲಿ ಆಗಲ್ಲ. ಮದ್ವೆ ಲಾರೀಲಿ ನಮ್ಮ ಎತ್ತೆರಡನ್ನೂ ಹತ್ತಿಸ್ಕೊಂಡ್ ಬತ್ತೀನಿ.”

“ಇದು ಇಲ್ಲೇ ಇರ್ಲಿ ಬಿಡ್ರಿ,” ಎಂದ ಸುಂಕಪ್ಪ, ಮೈಲಾರಿಯ ಹಗ್ಗವನ್ನು ಒಂದೆರಡು ಸಲ ಎಳೆದು ನೋಡಿ. “ಇನ್ನ ನಮ್ಮ ಹುಲ್ಲು ಮುಟ್ಟತೈತೇನ್ರಿ ಇದು?”

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಬಾಯಲ್ಲಿ ಜಯಣ್ಣನ ಚಪ್ಪಲಿ ಇದ್ದುದರಿಂದ ಮೈಲಾರಿ ಉತ್ತರ ಕೊಡಲಿಲ್ಲ.

ಆ ಭಾನುವಾರ ಹೋದದ್ದು ಒಂದು ಕಡಾಯಿ ಕಟ್ಟು, ಇಪ್ಪತ್ತೇಳು ಮುದ್ದೆ, ಎರಡು ಬೆಂಚು, ಎಡಗಾಲಿನ ಒಂದು ಚಪ್ಪಲಿ.