ಉಸ್ತಾದರ ಮನೆಯ ಮೂರನೆಯ ಪಾನ್

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಬಂಡೆಪ್ಪನಿಗೆ ಉರ್ದು ಕಲಿಯುವ ಹುಚ್ಚು ಹಿಡಿಯಿತು. ಬಾಯಲ್ಲಿ ಉರ್ದು ಇರಲಿಲ್ಲವೆಂದಲ್ಲ. ಭಾಲ್ಕಿ ಕಡೆಯಿಂದ ನಿಜಾಮರ ಪಟ್ಟಣಕ್ಕೆ ಬಂದವನು, ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಥಾನು ಬಿಚ್ಚಿ ಮಡಚುವವನು. 'ಯಾಕೆ'ಗೆ 'ಕೈಕು', 'ಬೇಡ'ಕ್ಕೆ 'ನಕ್ಕೋ' ಅನ್ನುವ ಬಜಾರಿನ ಮಾತಿನಲ್ಲಿ ಚೌಕಾಸಿಗಿಳಿದರೆ ಅವನನ್ನು ಸೋಲಿಸುವ ಗಿರಾಕಿ ಹುಟ್ಟಿರಲಿಲ್ಲ. ಆದರೆ ಅಬಿಡ್ಸಿನಲ್ಲಿ, ಹಳೆಯ ಪುಸ್ತಕದಂಗಡಿಯ ಮಾಳಿಗೆಯ ಮೇಲೆ ಸಿಬ್ಗತುಲ್ಲಾ ಸಾಹೇಬರು ಕಲಿಸುವ ಉರ್ದುವೇ ಬೇರೆ. ಅದು ಇಸ್ತ್ರಿ ಹಾಕಿದ ಉರ್ದು. ಅಲ್ಲಿ ಅಕ್ಷರಕ್ಕಿಂತ ಮೊದಲು ಅದಬು, ಅಂದರೆ ನಾಲ್ಕು ಜನರ ನಡುವೆ ಹೇಗೆ ಏಳಬೇಕು, ಹೇಗೆ ಕೂಡಬೇಕು ಅನ್ನುವುದು.

ಮೊದಲ ದಿನ ತರಗತಿಯಿಂದ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಹೆಂಡತಿ ಗುರುಬಾಯಿಯ ಮುಂದೆ ನಿಂತಿದ್ದ.

"ಗುರೂ, ಉಸ್ತಾದರು ನನಗ ಏನಂದ್ರು ಗೊತ್ತೈತೇನು? 'ಬಂಡೆಪ್ಪ ಸಾಹೇಬ್, ತಶ್ರೀಫ್ ರಖಿಯೇ' ಅಂದ್ರು. ಅಂದ್ರ ದಯಮಾಡಿ ಕುಂದರ್ರಿ ಅಂತ. ನನಗ! ಸಾಹೇಬ್ ಅಂತ!"

"ಚಪ್ಲಿ ಬಿಟ್ಟು ಬರ್ರಿ ಸಾಹೇಬ್ರ, ಈಗಷ್ಟ ನೆಲಾ ಒರಸೀನಿ," ಎಂದಳು ಗುರುಬಾಯಿ.

ನಕ್ಕಳೇನೋ ನಿಜ. ಆದರೆ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೂವತ್ತು ವರ್ಷ ಆ ಅಂಗಡಿಯಲ್ಲಿ 'ಏ ಬಂಡ್ಯಾ, ಆ ಥಾನ್ ತೆಗಿ' ಅನ್ನಿಸಿಕೊಂಡ ಗಂಡ. ಮಾಲೀಕನ ಮೊಮ್ಮಗನೂ ಹಾಗೇ ಕರೆಯುತ್ತಿದ್ದ. ಈಗ ಒಬ್ಬ ಮನುಷ್ಯ, ಅದೂ ಓದಿದ ಮನುಷ್ಯ, ಸಾಹೇಬ್ ಅಂದಿದ್ದ. ದೇವರೇ, ಈ ಒಂದು ಮಾತನ್ನು ಇವರ ಕೈಯಿಂದ ಕಸಿದುಕೊಳ್ಳಬೇಡಪ್ಪಾ ಎಂದು ಅವಳು ಗೋಡೆಯ ಮೇಲಿನ ಬಸವಣ್ಣನಿಗೆ ಕೈಮುಗಿದಳು.

ಅಲ್ಲಿಂದ ಮನೆಯಲ್ಲಿ ಶುರುವಾಯಿತು ನೋಡಿ ಕಾಟ. ನೀರು ಕೇಳಬೇಕಾದರೂ ಎದೆಯ ಮೇಲೆ ಕೈ ಇಟ್ಟು ಬಾಗುವುದು. ನಾಲ್ಕು ರೊಟ್ಟಿ ಉಣ್ಣುವ ಮನುಷ್ಯ, ಎರಡನೆಯದಕ್ಕೇ ಬೇಡವೆಂದು ಕೈ ಅಡ್ಡ ಹಿಡಿದು, ಮೂರು ಸಲ ಒತ್ತಾಯ ಮಾಡಲಿ ಎಂದು ಕಾಯುವುದು. ಗುರುಬಾಯಿ ಒಂದು ಸಲ ಕೇಳಿ ಬುಟ್ಟಿ ಮುಚ್ಚಿಬಿಡುತ್ತಿದ್ದಳು. ಹಸಿದುಕೊಂಡು ಎದ್ದರೂ ಸಾಹೇಬರ ಅದಬು ಕಡಿಮೆಯಾಗಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ದಿನ ಉಸ್ತಾದರು, "ಯಾವಾಗಲಾದರೂ ನಮ್ಮ ಬಡವರ ಮನೆಗೂ ದಯಮಾಡಿಸಿ," ಅಂದರಂತೆ. ಎದುರಿಗೆ ಕಂಡವರಿಗೆಲ್ಲ ಅನ್ನುವ ಮಾತು ಅದು. ಬಂಡೆಪ್ಪ ಮಾತ್ರ ಆ ಭಾನುವಾರವೇ ಸಂಜೆ ನಾಲ್ಕೂವರೆಗೆ ಹೆಂಡತಿಯನ್ನು ಕರೆದುಕೊಂಡು, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಹಿಡಿದು, ಉಸ್ತಾದರ ಬಾಗಿಲಿಗೆ ಹೋಗಿ ನಿಂತ. ಫೋನು ಗೀನು ಏನೂ ಇಲ್ಲ. ನಮ್ಮ ಕಡೆ ನೆಂಟರ ಮನೆಗೆ ಫೋನು ಮಾಡಿ ಹೋಗುತ್ತಾರೆಯೇ? ನಮ್ಮನ್ನು ಅಷ್ಟೊಂದು ದೂರದವರೆಂದು ತಿಳಿದಿದ್ದಾರಲ್ಲ ಎಂದು ಅವರು ನೊಂದುಕೊಂಡರೆ?

ದಾರಿಯುದ್ದಕ್ಕೂ ಆಟೋದಲ್ಲಿ ಹೆಂಡತಿಗೆ ಪಾಠ. "ಕೈಕು ಅನಬ್ಯಾಡ. ದನಿ ಸಣ್ಣದಿರಲಿ. ತಿನ್ನಾಕ ಕೊಟ್ರ ಎರಡು ಸಲ ಬ್ಯಾಡನ್ನು, ಮೂರನೇದ್ದಕ್ಕ ತಗೋ. ಗಂಡಸರು ಕುಂತಲ್ಲಿ ಹಣಿಕಿ ಹಾಕಬ್ಯಾಡ. ನನ್ನ ಮರ್ಯಾದಿ ನಿನ್ನ ಕೈಯಾಗೈತಿ."

"ಆತ್ರಿ," ಎಂದಳು ಗುರುಬಾಯಿ.

ಬಾಗಿಲು ತೆರೆದ ಉಸ್ತಾದರ ಹುಬ್ಬು ಒಂದು ಗಳಿಗೆ ಮೇಲೇರಿತು. ಮರುಗಳಿಗೆಯಲ್ಲೇ ಬಾಗಿ ಸಲಾಂ ಮಾಡಿ, ನಮ್ಮ ಭಾಗ್ಯ, ನಮ್ಮ ಪುಣ್ಯ ಎಂದು ಒಳಗೆ ಕರೆದರು. ಮೈಮೇಲೆ ಕರಿಯ ಶೇರ್ವಾನಿ. ಬಂಡೆಪ್ಪ ಹೆಂಡತಿಯ ಕಡೆ ತಿರುಗಿ, ನೋಡಿದೆಯಾ, ದೊಡ್ಡವರು ಮನೆಯಲ್ಲೂ ಹೇಗಿರುತ್ತಾರೆ ಅನ್ನುವಂತೆ ಕಣ್ಣಲ್ಲೇ ಹೇಳಿದ. ಅವನು ಮುಂದಿನ ಬೈಠಕ್ ಖಾನೆಯಲ್ಲಿ ಕುಳಿತ. ಗುರುಬಾಯಿಯನ್ನು ಉಸ್ತಾದರ ಬೇಗಂ ಒಳಕೋಣೆಗೆ ಕರೆದೊಯ್ದರು. ನಡುವೆ ಒಂದು ಪರದೆ.

ಬೇಗಂ ಅವರ ಕಿವಿಯಲ್ಲಿ ಮುತ್ತಿನ ಲೋಲಾಕು, ಕೊರಳಲ್ಲಿ ಹಳೆಯ ಕಾಲದ ಹಾರ. ಮೇಲೆ ಮಾತ್ರ ದಿನಬಳಕೆಯ ಶಾಲು ಹೊದ್ದಿದ್ದರು. ಶಾಲಿನ ಕೆಳಗಿಂದ ಜರಿಯ ಅಂಚು ಇಣುಕುತ್ತಿತ್ತು.

"ಎಲ್ಲಿಗ್ಯಾರ ಹೊಂಟಿದ್ರೇನ್ರೀ?" ಎಂದು ತನ್ನ ಮುರುಕು ದಖ್ಖನಿ ಉರ್ದುವಿನಲ್ಲಿ ಕೇಳಿದಳು ಗುರುಬಾಯಿ.

"ಇಲ್ಲ ಇಲ್ಲ, ಎಲ್ಲಿಗೂ ಇಲ್ಲ! ನೀವು ಬಂದದ್ದೇ ನಮಗೆ ಹಬ್ಬ," ಎಂದರು ಬೇಗಂ.

ಅಯ್ಯೋ, ನಮಗೋಸ್ಕರ ಇಷ್ಟೊಂದು ಸಿಂಗಾರ ಮಾಡಿಕೊಂಡಿದ್ದಾರಲ್ಲ ಎಂದು ಗುರುಬಾಯಿ ಉಬ್ಬಿದಳು. ಬರುವುದನ್ನು ಮೊದಲೇ ಹೇಳದೆ ಸಿಂಗಾರ ಹೇಗೆ ಸಾಧ್ಯ ಅನ್ನುವುದು ಆ ಹೊತ್ತಿಗೆ ಅವಳ ತಲೆಗೆ ಹೊಳೆಯಲಿಲ್ಲ. ಚಹಾ ಬಂತು, ಉಸ್ಮಾನಿಯಾ ಬಿಸ್ಕತ್ತು ಬಂತು, ಖೋವಾದ ಮಿಠಾಯಿ ಬಂತು. ಎರಡು ಸಲ ಬೇಡವೆಂದು ಮೂರನೆಯ ಸಲ ತೆಗೆದುಕೊಂಡಳು. ಕೊನೆಗೆ ಬೆಳ್ಳಿಯ ತಟ್ಟೆಯಲ್ಲಿ, ಅದಕ್ಕೊಂದು ಗುಮ್ಮಟದಂಥ ಮುಚ್ಚಳ ಹಾಕಿ, ಪಾನ್ ಬಂತು. ಒಂದು ತಟ್ಟೆ ಒಳಗೆ, ಒಂದು ಹೊರಗೆ.

ಪರದೆಯಾಚೆಯಿಂದ ಗಂಡ ಮಂಚದ ಮೇಲೆ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿದ ಸದ್ದು ಕೇಳಿಸಿತು. ಅದು ಸಹಜವೇ. ಬೀದರ್ ಕಡೆಯವರ ಮುಂದೆ ಎಲಿ-ಅಡಿಕಿ ಇಟ್ಟರೆಂದರೆ ಇನ್ನು ಮಾತು ಶುರು ಎಂದೇ ಅರ್ಥ. ಉಂಡಾದ ಮೇಲೆ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಗೋಡೆಗೆ ಒರಗಿದವರು ಏಳುವುದು ನೆರಳು ಅಂಗಳ ದಾಟಿದ ಮೇಲೆಯೇ. ಬಂಡೆಪ್ಪ ಪಾನ್ ಬಾಯಿಗಿಟ್ಟು, ತನ್ನ ಸೋದರಮಾವ ಕೊಂಡ ಎಮ್ಮೆ ಭಾಲ್ಕಿ ಸಂತೆಯಿಂದ ಮೂರು ಸಲ ಓಡಿಹೋದ ಕತೆ ತೆಗೆದ. ಅದು ಸಣ್ಣ ಕತೆಯಲ್ಲ. ಗುರುಬಾಯಿ ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ, ಪ್ರತಿ ವರ್ಷ ಎಮ್ಮೆ ಇನ್ನೊಂದು ಊರು ಹೆಚ್ಚಿಗೆ ದಾಟುತ್ತದೆ.

ಎಮ್ಮೆ ಎರಡನೆಯ ಸಲ ಓಡುವಷ್ಟರಲ್ಲಿ ಎರಡನೆಯ ಪಾನ್ ಬಂತು. ಬಂಡೆಪ್ಪ ಪಾಠ ನೆನಪಿಸಿಕೊಂಡು, "ಇಜಾಜತ್ ಇದೆಯೇ?" ಎಂದು ಹೊರಡಲು ಅಪ್ಪಣೆ ಕೇಳಿದ. "ಅರೇ, ಈಗಷ್ಟೇ ಬಂದಿದ್ದೀರಿ, ಕೂಡಿ," ಎಂದರು ಉಸ್ತಾದರು. ಅವರು ಹಾಗೆ ಅನ್ನಲೇಬೇಕು, ಇವನು ಏಳಲೇಬೇಕು. ಅದು ಅವರ ರಿವಾಜು. ಬಂಡೆಪ್ಪ ಏಳಲೇ ಇಲ್ಲ. ಅಷ್ಟು ಪ್ರೀತಿಯಿಂದ ಹೇಳಿದರೆ ಯಾರಾದರೂ ಏಳುತ್ತಾರೆಯೇ? ಎಮ್ಮೆ ಮತ್ತೆ ಓಡತೊಡಗಿತು.

ಒಳಗೆ ಬೇಗಂ ಅವರ ಫೋನು ನಡುಗಿತು. ಅವರು ಮುಖ ಆಚೆ ತಿರುಗಿಸಿ ಪಿಸುದನಿಯಲ್ಲಿ ಮಾತಾಡಿದರು. ಬಜಾರಿನ ಉರ್ದು ಕೇಳಿ ಕೇಳಿ ಗುರುಬಾಯಿಯ ಕಿವಿ ಪಳಗಿತ್ತು. ಖಾಜಿ ಬಂದಾಯಿತೇ? ಹುಡುಗಿ ಅಳುತ್ತಿದ್ದಾಳೆಯೇ? ನಾನು ಬರದೆ ಕಬೂಲ್ ಅನ್ನುವುದಿಲ್ಲ ಅಂತಾಳೆಯೇ? ಹೊರಟೆವು ಅನ್ನು, ಇದೋ ಹೊರಟೆವು.

ಗುರುಬಾಯಿಯ ಬಾಯಲ್ಲಿದ್ದ ಪಾನ್ ಅಲ್ಲೇ ನಿಂತಿತು. ಈಗ ಕಂಡಿತು ಅವಳಿಗೆ: ಒಳಕೋಣೆಯ ಮಂಚದ ಮೇಲೆ ಕೆಂಪು ಹಾಳೆ ಸುತ್ತಿದ ಉಡುಗೊರೆ, ಬಾಗಿಲ ಬಳಿ ಜೋಡಿಸಿಟ್ಟ ಹೊಸ ಚಪ್ಪಲಿ.

"ಯಾರ ಮದಿವಿರೀ?"

ಬೇಗಂ ಇನ್ನೂ ಇಲ್ಲ ಅನ್ನುತ್ತಲೇ ಇದ್ದರು. ಆದರೆ ಕಣ್ಣು ತುಂಬಿಬಿಟ್ಟಿತು. ಮದುಮಗಳು ತೀರಿಹೋದ ತಂಗಿಯ ಮಗಳಂತೆ, ಇವರೇ ಸಾಕಿದ್ದಂತೆ. ಬೇಗಂಪೇಟೆಯ ಶಾದಿಖಾನೆಯಲ್ಲಿ ನಿಕಾಹ್. ಆ ಟ್ರಾಫಿಕ್ಕಿನಲ್ಲಿ ಒಂದು ಗಂಟೆಯ ದಾರಿ. "ಆದರೆ ನೀವು ಅತಿಥಿಗಳು," ಎಂದರು ಬೇಗಂ, "ಅತಿಥಿಗೆ ಏಳಿ ಅನ್ನುವುದುಂಟೆ?"

ಹೊರಗೆ ಮೂರನೆಯ ಪಾನ್ ತಟ್ಟೆಯ ಮುಚ್ಚಳ ಠಣ್ ಎಂದಿತು. ಹೋಗಿ ಬನ್ನಿ ಅನ್ನುವ ಮಾತನ್ನು ಉಸ್ತಾದರು ಇನ್ನೆಷ್ಟು ಸಲ ಬೆಳ್ಳಿ ತಟ್ಟೆಯಲ್ಲಿಟ್ಟು ಕೊಡಬೇಕು?

ಗುರುಬಾಯಿ ಲೆಕ್ಕ ಹಾಕಿದಳು. ಗಂಡನಿಗೆ ನಿಜ ಹೇಳಿದರೆ ಮುಗಿಯಿತು. ಉಸ್ತಾದರ ಎದುರಿಗೇ ಅವನ ಮುಖ ಸುಟ್ಟುಹೋಗುತ್ತದೆ, ಮತ್ತೆ ಆ ಮಾಳಿಗೆಯ ಮೆಟ್ಟಿಲು ಹತ್ತಲಾರ. ಸಾಹೇಬ್ ಅನ್ನುವವರು ಊರಲ್ಲಿ ಇನ್ಯಾರಿದ್ದಾರೆ? ಹೇಳದಿದ್ದರೆ ಅಲ್ಲೊಬ್ಬ ಮದುಮಗಳು ಕಾಯುತ್ತಿದ್ದಾಳೆ. ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪರದೆಯನ್ನು ಸರ್ರನೆ ಸರಿಸಿ ಗಂಡಸರ ನಡುವೆ ನುಗ್ಗಿದಳು.

"ಏಳ್ರಿ ಮ್ಯಾಲ! ಒಲಿ ಮ್ಯಾಲ ಹಾಲು ಇಟ್ಟು ಬಂದೀನಿ, ಆರಿಸಿಲ್ಲ! ಮನಿ ಹೊತ್ತಿ ಉರದ್ರ ನಿಮ್ಮ ಎಮ್ಮಿ ಬಂದು ಆರಸತೈತೇನು?"

ಬಂಡೆಪ್ಪ ಕೂತಲ್ಲೇ ಬೆವರಿದ. "ಗುರೂ... ಇದೇನಿದು... ಹಿರೇರು ಕುಂತಾರ..."

"ಕುಂತ್ರ ಕುಂದರ್ಲಿ! ಸಾಬ್ರ, ನಾ ಹಳ್ಳಿ ಹೆಂಗಸು, ನನಗ ರೀತಿ ರಿವಾಜು ತಿಳಿಯೂದಿಲ್ಲ, ಮಾಫ್ ಮಾಡ್ರಿ," ಎಂದು ಗಂಡನ ರಟ್ಟೆ ಹಿಡಿದು ಎಬ್ಬಿಸಿಯೇ ಬಿಟ್ಟಳು.

ಆಟೋದಲ್ಲಿ ಬಂಡೆಪ್ಪ ಉಸ್ತಾದರ ಬಾಗಿಲಿನಿಂದ ಮನೆಯ ತನಕ ಬೈದ. ಕತ್ತೆ ಅಂದ, ಕಾಡು ಅಂದ. ಅಷ್ಟು ಪ್ರೀತಿಯಿಂದ ಮೂರು ಮೂರು ಸಲ ಪಾನ್ ಕೊಟ್ಟವರ ಎದುರಿಗೆ ಮಾನ ಕಳೆದೆಯಲ್ಲೇ ಅಂದ. ಮನೆಗೆ ಬಂದು ನೋಡಿದರೆ ಒಲೆ ತಣ್ಣಗಿತ್ತು, ಹಾಲು ತಂಗಳುಪೆಟ್ಟಿಗೆಯಲ್ಲಿತ್ತು. ಅದಕ್ಕೆ ಇನ್ನೊಂದು ಸುತ್ತು ಬೈದ. ಗುರುಬಾಯಿ ಹಿಟ್ಟು ನಾದತೊಡಗಿದಳು. ಬೈಗುಳ ಮೈಗೆ ಹತ್ತಲಿಲ್ಲವೆಂದಲ್ಲ, ಚೆನ್ನಾಗಿಯೇ ಹತ್ತಿತು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಮೂರು ದಿನ ಗಂಡ ಮಾತು ಬಿಟ್ಟ. ಬುಧವಾರ, ಕ್ಷಮೆ ಕೇಳಿ ಬರುತ್ತೇನೆ ಎಂದು ತರಗತಿಗೆ ಹೋದವನು ಸಂಜೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ಈ ಸಲ ಚಪ್ಪಲಿ ಹೊರಗೇ ಬಿಟ್ಟಿದ್ದ.

"ಪಾನ್ ಕೊಟ್ರ ಏಳಬೇಕಂತ," ಎಂದ. "ಇವತ್ತಿನ ಪಾಠ ಅದ ಇತ್ತು. ನಾ ಎದ್ದು ನಿಂತು ಮಾಫಿ ಕೇಳಿದ್ನಿ. ಉಸ್ತಾದರು ಕೇಳಿಸಿಕೊಳ್ಳಲೇ ಇಲ್ಲ. 'ಬಂಡೆಪ್ಪ ಸಾಹೇಬ್, ನಮ್ಮ ಬೇಗಂ ಸಾಕುಮಗಳ ನಿಕಾಹ್‌ಗೆ ಸರಿಯಾದ ಹೊತ್ತಿಗೆ ಮುಟ್ಟಿದ್ರು. ನಲವತ್ತು ವರ್ಷ ಅದಬು ಕಲಿಸೀನಿ, ನಿಮ್ಮ ಮನಿಯವರಷ್ಟು ಕಲಿತವರನ್ನ ನಾ ನೋಡಿಲ್ಲ' ಅಂದ್ರು."

ಗುರುಬಾಯಿ ಬಡಿಯುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು.

"ನಿನಗ ಗೊತ್ತಿತ್ತು. ಆದ್ರೂ ಆಟೋದಾಗ ಅಷ್ಟು ಬೈಸಿಕೊಂಡಿ. ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಇವತ್ತು ಕ್ಲಾಸಿಗೆ ಹೋಗತಿದ್ರೇನು?"

ಎರಡು ತಿಂಗಳಲ್ಲಿ ಕಲಿತ ಬಾಗುವುದು, ಎದೆಯ ಮೇಲೆ ಕೈಯಿಡುವುದು ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬಂಡೆಪ್ಪ ಮೂಲೆಯಲ್ಲಿದ್ದ ಎರಡು ಮಣೆ ತಂದು ಹಾಕಿದ. ಎರಡು ತಾಟು ಇಟ್ಟ. ಮದುವೆಯಾದಾಗಿನಿಂದ ಅವನು ಉಂಡು ಎದ್ದ ಮೇಲೆಯೇ ಅವಳು ಉಂಡವಳು.

"ತಪ್ಪು ನಂದ, ಗುರು," ಎಂದ. "ಬಾ, ಕೂಡೇ ಉಣ್ಣೂಣು."

"ರೊಟ್ಟಿ ಯಾರು ಬೇಯಿಸ್ತಾರ?"

"ಇದ್ದಷ್ಟು ಸಾಕು."

ಗುರುಬಾಯಿ ಹಿಟ್ಟಿನ ಕೈ ಒರೆಸಿಕೊಂಡು, ಉರಿ ಆರಿಸಿ, ಬಂದು ಕುಳಿತಳು.